ಬಾಗಿಲ ಹಿಂದಿನ ಲೆಕ್ಕ

ತಾವರಗೇರಾ ಸಂತೆಯಿಂದ ಬಂದವನೇ ಗಾದಿಲಿಂಗ
ಬಾಗಿಲ ಹಿಂದೆ ಸುಣ್ಣದ ಕಡ್ಡಿಯಲ್ಲಿ ಬರೆದ:
ಈಗ ಹನ್ನೊಂದು ಕೆಂಗುರಿ.
ಗಂಡುಮರಿ ಬಕ್ರೀದ್ ಹೊತ್ತಿಗೆ.
ಹೆಣ್ಣುಮರಿ ಮಾರೂದಿಲ್ಲ, ಯಾರು ಕೇಳಿದರೂ.
ಟಗರು ಎರಡು ವರ್ಷಕ್ಕೊಮ್ಮೆ ಬದಲು,
ಇಲ್ಲಾಂದ್ರ ಅಪ್ಪನೇ ಗಂಡ ಆಗತಾನ.

‘ಹತ್ತನೇ ವರ್ಷಕ್ಕ?’
ಜೋಳ ಕೇರುತ್ತ ಕೇಳಿದಳು ಕರೆವ್ವ.

ಬರೆಯಲಿಲ್ಲ ಅವನು.
ಹೊರಗೆ ಹೋಗಿ, ಬೋಳು ಮಸಾರಿಯಲ್ಲಿ
ಹೆಜ್ಜೆ ಅಳೆದು, ತಪ್ಪಿ, ಮತ್ತೆ ಅಳೆದು
ಒಂದು ಬೇವಿನ ಸಸಿ ನೆಟ್ಟ,
ಇನ್ನೂ ಕಟ್ಟದ ದೊಡ್ಡಿಯ ನೆರಳಿಗೆ.

ಆಮೇಲೆ ಸುತ್ತ ಜಾಲಿಮುಳ್ಳು ಹೊದಿಸಿದ.
ಯಾರಿಗೆಂದು ನೆಟ್ಟನೋ
ಅವೇ ಮೊದಲು ಬಾಯಿ ಹಾಕುವವು.

ಮಧ್ಯಾಹ್ನ.
ಮುಳ್ಳಿನೊಳಗೆ ಗೇಣುದ್ದದ ಹಸಿರು.
ಇತ್ತ ಹನ್ನೊಂದೂ ಬಿಸಿಲಲ್ಲಿ ನಿಂತಿವೆ
ಒಂದರ ಹೊಟ್ಟೆಯ ನೆರಳಲ್ಲಿ
ಇನ್ನೊಂದು ತಲೆಯಿಟ್ಟು.