ತೂಬಿನ ಹಿಂದೆ ಒಂದು ಮೊಳ

ಮುಶೀರ್ ಸಾಬರು ತಂದಿಟ್ಟ ಪೆಟ್ಟಿಗೆಗೆ
ಒಂದೇ ಕಾಯಿಲೆ: ಗುಂಯ್.
ಮುಳ್ಳು ತಟ್ಟೆಗೆ ಇಳಿಯುವ ಮೊದಲೇ
ಒಳಗೊಂದು ಕಣಜ ಎದ್ದು ಕೂರುತ್ತದೆ.
"ಸಕ್ಕರೆ ಕಾರ್ಖಾನೆಯಲ್ಲಿ ತೂಕ ಬರೆದವನು ನಾನು, ತಾಯಿ.
ಖಾಲಿ ಗಾಡಿ ಕಳೆಯದೆ ಕಬ್ಬಿನ ಲೆಕ್ಕ ಬರೆಯೋಕಾಗುತ್ತಾ?
ಈ ಗುಂಯ್ ಕಳೆದು ಕೊಡಿ, ಮಿಕ್ಕಿದ್ದು ಸಂಗೀತ."

ತಳ ಬಿಚ್ಚಿದೆ. ನಾಲ್ಕು ವಾಲ್ವು, ಬೆರಳುದ್ದ ಗಾಜು,
ಒಳಗೆ ಬೀಡಿಯ ತುದಿಯಷ್ಟು ಕೆಂಪು.
ಆ ಕೆಂಪಿಗೆ ಉಣಿಸುತ್ತಿದ್ದುದು ಎಸಿ,
ಸೆಕೆಂಡಿಗೆ ಐವತ್ತು ಸಲ ಬಂದು ಹೋಗುವ ನೆಂಟ;
ಬಾಗಿಲು ಸದ್ದು ಮಾಡದಿರುತ್ತದೆಯೆ?
ಡಿಸಿ ಕೊಡಬೇಕು. ಆರು ಪಾಯಿಂಟ್ ಮೂರು ವೋಲ್ಟು,
ಒಂದು ಪಾಯಿಂಟ್ ಎರಡು ಆಂಪು. ಅಲುಗಬಾರದು.

ಮೇಜಿನ ಮೇಲೆ ಮೂವರು ಉಮೇದುವಾರರು,
ಮೂವರಿಗೂ ಮೂರು ಮೂರು ಕಾಲು.

ಎಪ್ಪತ್ತೆಂಟು ಸೊನ್ನೆ ಆರು ಹಟಮಾರಿ.
ಆರೆಂದರೆ ಆರೇ.
ನೆಲದ ಕಾಲಿಗೊಂದು ಡಯೋಡ್ ಮೆಟ್ಟಿಲಿಟ್ಟರೆ
ಆರೂವರೆ ದಾಟಿ ಹಾರುತ್ತಾನೆ,
ಒಂದು ಆಂಪಿಗೇ ಬೆವರುತ್ತಾನೆ.

ಮುನ್ನೂರ ಹದಿನೇಳು ಮಾತು ಕೇಳುವವನು,
ಎಷ್ಟೆಂದರೆ ಅಷ್ಟಕ್ಕೆ ನಿಲ್ಲುತ್ತಾನೆ,
ಆದರೆ ಬಾಗಿಲಲ್ಲೇ ಎರಡೂವರೆ ವೋಲ್ಟು ಮಾಮೂಲು ಕೇಳುತ್ತಾನೆ.
ಕೊಡದಿದ್ದರೆ ಗುಂಯ್‌ಅನ್ನು ಹಾಗೇ ಒಳಗೆ ಬಿಡುತ್ತಾನೆ.

ಹತ್ತು ಎಂಬತ್ತೈದು ಒಂದು ಚಿಲ್ಲರೆಗೇ ತೃಪ್ತ.
ಬೆಲೆ ಮಾತ್ರ ಮೂರು ಪಟ್ಟು.

ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ಇದು ಮಂಡ್ಯ. ಸಂಜೆ ಆರಕ್ಕೆ ತ್ರೀಫೇಸ್ ಬಿಟ್ಟರೆಂದರೆ
ಸುತ್ತಲ ಪಂಪುಗಳೆಲ್ಲ ಒಟ್ಟಿಗೆ ಬಾಯಿ ಹಾಕುತ್ತವೆ,
ನನ್ನ ಮೀಟರು ನೂರ ಎಂಬತ್ತಕ್ಕೆ ಕುಸಿಯುತ್ತದೆ,
ಅಂಗಡಿಯ ಟ್ಯೂಬ್‌ಲೈಟು ತೊದಲುತ್ತದೆ.
ನಡುರಾತ್ರಿ ಎಲ್ಲ ಮಲಗಿದ ಮೇಲೆ
ಇನ್ನೂರ ಐವತ್ತೈದು.

ಹಳೆಯ ಟ್ರಾನ್ಸ್‌ಫಾರ್ಮರು ಕೊಡುವುದು ಅದೇ ಆರು ಪಾಯಿಂಟ್ ಮೂರು.
ಡಯೋಡುಗಳು ತಮ್ಮ ಪಾಲು ತಿಂದು,
ಸಂಜೆಯ ಕುಸಿತವೂ ತಿಂದು
ರೆಗ್ಯುಲೇಟರಿನ ಮುಂದೆ ಬರುವ ಹೊತ್ತಿಗೆ ತಟ್ಟೆ ಖಾಲಿ.
ಯಾರನ್ನು ಆರಿಸಿದರೇನು?

ಎರಡು ದಿನ ಪೆಟ್ಟಿಗೆ ಹಾಗೇ ಬಿದ್ದಿತ್ತು.
ಮೂರನೆಯ ದಿನ ಬಾಗಿಲೆಳೆಯುವಾಗ
ಷಟರಿಗೆ ಊರೆ ಕೊಟ್ಟಿದ್ದ ಕೋಲು ಕಾಲ ಮೇಲೆ ಬಿತ್ತು.
ಅಪ್ಪನ ಅಳತೆ ಕೋಲು. ನೀರುಗಂಟಿ ಚಲುವಯ್ಯ
ಕೆರೆ ಅಳೆದದ್ದು ಇದರಲ್ಲೇ.
ಏಳು ವರ್ಷದ ನಾನು ಕೇಳಿದ್ದೆ,
ಗದ್ದೆಗೆ ಬೇಕಾದಷ್ಟೇ ನೀರು ಕೆರೆಯಲ್ಲಿದ್ದರೆ ಸಾಲದ?
"ಸಾಲಾಕಿಲ್ಲ ಕಣವ್ವ. ತೂಬಿನಿಂದೆ ಒಂದು ಮೊಳ
ಎಚ್ಚಾಗೇ ನಿಂತಿರ್ಬೇಕು.
ಆಗ್ಲೇ ಕೊನೇ ಗದ್ದೆಗೂ ಒಂದೇ ಸಮ ಓಗಾದು."

ಕಾಲು ಉಜ್ಜಿಕೊಂಡೇ ಬೋರೇಶನಿಗೆ ಫೋನು ಮಾಡಿದೆ:
ಒಂಬತ್ತು ವೋಲ್ಟಿನದೊಂದು ಸುತ್ತಿಕೊಡು, ದಪ್ಪ ತಂತಿಯಲ್ಲಿ.
ಡಯೋಡು ಕಡಿಮೆ ತಿನ್ನುವ ಜಾತಿಯವು. ಕೆಪಾಸಿಟರು ಹತ್ತು ಸಾವಿರ.
ದುಬಾರಿ ಮೂರನೆಯವನೇ ಆಗಲಿ.
ನೂರ ಇಪ್ಪತ್ತು ಓಮಿನ ಜೊತೆ ನಾನೂರ ಎಪ್ಪತ್ತು,
ಮೇಲೆ ಕೊಸರು ಹದಿನೈದು.

ಹಚ್ಚಿದೆ. ತಣ್ಣಗಿರುವ ತಂತಿ ಹಸಿದ ಬಾಯಿ,
ಮೊದಲ ತುತ್ತಿಗೇ ಎಲ್ಲ ಬೇಕದಕ್ಕೆ;
ಈತ ಬಡಿಸುವ ಕೈ ಬಿಗಿ ಹಿಡಿದ.
ಮೆಲ್ಲಗೆ, ಬೇಸರವಾಗುವಷ್ಟು ಮೆಲ್ಲಗೆ
ನಾಲ್ಕೂ ಕೆಂಪಾದವು.

ರಾತ್ರಿ ಎರಡಕ್ಕೆ ಎದ್ದು ಬಂದೆ.
(ಅಪ್ಪನೂ ಏಳುತ್ತಿದ್ದ, ಟಾರ್ಚಿಲ್ಲದೆ.)
ಗೋಡೆಯಲ್ಲಿ ಇನ್ನೂರ ಐವತ್ತೈದು,
ವಾಲ್ವಿನ ಕಾಲಲ್ಲಿ ಆರು ಪಾಯಿಂಟ್ ಎರಡು ಒಂಬತ್ತು.
ಹೀಟ್‌ಸಿಂಕ್ ಮುಟ್ಟಿ ನೋಡಿದೆ, ಬೆರಳು ಚುರುಕ್ಕೆಂದಿತು:
ವಾಲ್ವುಗಳು ಉಂಡಷ್ಟೇ ಇಲ್ಲಿ ಸುಮ್ಮನೆ ಉರಿದು ಹೋಗುತ್ತಿದೆ.
ಹೆಚ್ಚಿನ ಆ ಒಂದು ಮೊಳಕ್ಕೆ
ಯಾರೋ ಬೇಯಲೇಬೇಕಲ್ಲ.
ಅಪ್ಪನ ಅಂಗಾಲು ನೆನಪಾಯಿತು, ನೀರಲ್ಲಿ ನಿಂತು ನಿಂತು
ಬಿಳಿಚಿ ಸೀಳಿದ್ದು.

ಸಾಬರು ಬಂದರು. ಮುಳ್ಳು ಎತ್ತಿ ಹಿಡಿದೇ
ಬಹಳ ಹೊತ್ತು ಕೇಳಿದರು, ಇಳಿಸದೆ.
"ಖಾಲಿ ಗಾಡಿ," ಎಂದರು. "ಸೊನ್ನೆ."
ಆಮೇಲೆ ರೊಕ್ಕದಲ್ಲಿ ಐವತ್ತು ಚೌಕಾಸಿ ಮಾಡಿದರು.