ನಮೂನೆ ಏಳು

ಸಂಜೆ ಐದರೊಳಗೆ ಕೊಡಬೇಕಂತೆ,
'ಚೇತರಿಕೆ ಯೋಜನೆ', ಮೂರು ಪ್ರತಿ.
ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ
ಫ್ಯಾನು ತಿರುಗುತ್ತಿತ್ತು, ಬಿಸ್ಕತ್ತಿನ ತಟ್ಟೆ ತಿರುಗುತ್ತಿತ್ತು,
ಒಂದನೇ ಹಂತ, ಎರಡನೇ ಹಂತ ಅಂತ
ಸಾಹೇಬರು ಗೋಡೆಯ ಬೆಳಕಿಗೆ ಕೋಲು ತೋರಿಸುತ್ತಿದ್ದರು.
ನಾನು ಹಿಂದಿನ ಸಾಲಿನಲ್ಲಿ
ಬೀಗದಕೈ ಎಣಿಸುತ್ತಿದ್ದೆ. ಆರು.
ಒಂದು ಯಾವ ಬಾಗಿಲಿನದೋ ಮರೆತಿತ್ತು.

ಗುತ್ತಲು ರಸ್ತೆಯ ನಮ್ಮ ಹಗಲು ಕೇಂದ್ರ
ಇಪ್ಪತ್ತೆರಡು ತಿಂಗಳಿಂದ ಮುಚ್ಚಿದೆ.
ಬರುತ್ತಿದ್ದವರು ಮಕ್ಕಳಲ್ಲ. ಮೀಸೆ ಬಂದವರು, ತಲೆ ನರೆತವರು,
ಅಂಗಿಯ ಗುಂಡಿ ಹಾಕಲು ಒಂದು ವರ್ಷ ಕಲಿತವರು,
ಔಷಧಿ ಅಂಗಡಿಗೆ ಕಾಗದದ ಕವರು ಮಡಚಿ
ತಿಂಗಳಿಗೆ ನೂರಾ ಎಂಬತ್ತು ರೂಪಾಯಿ ಎಣಿಸಿ,
ಎಣಿಸಲು ಬಾರದಿದ್ದರೂ ಎಣಿಸಿ,
ಒಳಜೇಬಿಗೆ ಇಟ್ಟುಕೊಂಡವರು.

ಬಾಗಿಲು ತೆಗೆದೆ.
ಕ್ಯಾಲೆಂಡರಿನಲ್ಲಿ ಇನ್ನೂ ಅದೇ ಮಾರ್ಚು.
ಅಂಟಿನ ಡಬ್ಬ ಕಲ್ಲಾಗಿದೆ.
ನಡಿಗೆ ಕಲಿಯುವ ಕಂಬಿಗೆ ಕಣಜ ಗೂಡು ಕಟ್ಟಿದೆ.
ವ್ಯಾನನ್ನು ಆಸ್ಪತ್ರೆಗೆಂದು ಒಯ್ದಿದ್ದರಲ್ಲ,
ಸೀಟು ಕಿತ್ತು ತಂದು ನಿಲ್ಲಿಸಿದ್ದಾರೆ.
ಏನು ಹೊತ್ತಿತ್ತು ಅಂತ ಸಿದ್ದಲಿಂಗು ಹೇಳಲಿಲ್ಲ,
ನೆಲವನ್ನು ಮೂರು ಸಲ ತೊಳೆದ, ಫಿನಾಯಿಲು ಸಾಲದೆ
ಮನೆಯಿಂದ ಅರಿಶಿನದ ನೀರು ತಂದ.

ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು.
ನಮೂನೆ ಕೇಳುತ್ತದೆ: 'ಮರಳುವವರ ಸಂಖ್ಯೆ'.
ಚಿಕ್ಕತಾಯಿ ಹೋದಳು, ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ.
ಮುಖಕ್ಕೆ ಕಟ್ಟಿದ್ದನ್ನು ಕಿತ್ತೆಸೆಯುತ್ತಿದ್ದಳಂತೆ;
ಅದು ಯಾಕೆ ಅಂತ ಅವಳ ಭಾಷೆಯಲ್ಲಿ ಹೇಳಬಲ್ಲವರನ್ನು
ಒಳಗೆ ಬಿಟ್ಟಿರಲಿಲ್ಲ.
ಶಾಕಿರಾ ಇದ್ದಾಳೆ. ಚಮಚ ಹಿಡಿಯುವುದು ಮರೆತಿದ್ದಾಳೆ.
ಅವಳನ್ನು 'ಮರಳುವವರು' ಅನ್ನಲೋ,
ಮೊದಲಿಂದ ಶುರು ಅನ್ನಲೋ?

ಬೋರಲಿಂಗನ ಮನೆಗೆ ನಾಲೆ ಏರಿ ಹಿಡಿದು ಹೋದೆ.
ಅಕ್ಕ ಮಂಚಮ್ಮ ಕಬ್ಬು ಕಡಿದು ಆಗಷ್ಟೇ ಬಂದಿದ್ದಳು,
ತೋಳಿನ ತುಂಬ ಗರಿ ಗೀರಿದ ಗೆರೆ.
ಮಂಚದ ಕಾಲಿಗೆ ಹಳೆಯ ಸೀರೆಯ ಅಂಚು ಕಟ್ಟಿತ್ತು.
ನಾನು ನೋಡಿದ್ದನ್ನು ಅವಳು ನೋಡಿದಳು.
'ಕೆಲ್ಸಕ್ಕೋಗ್ಬೇಕಲ್ಲವ್ವ. ನಾಲೆ ತಾವ್ಕೆ ಎದ್ದೋಯ್ತಾನೆ.
ಸಡ್ಲಾಗೇ ಕಟ್ಟಿದ್ದೆ.'
ಆಮೇಲೆ, ಬಹಳ ಹೊತ್ತಿನ ಮೇಲೆ,
'ಬೈಬ್ಯಾಡ' ಅಂದಳು.

ಮೂಲೆಯಲ್ಲಿ ಕವರುಗಳು. ಮಂಡಿಯೆತ್ತರ.
ಸಾವಿನ ಅಂಕಿ ಅಚ್ಚಾದ ಮುಖಪುಟಗಳನ್ನು
ಅಂಟಿಲ್ಲದೆಯೂ ಅಂಚಿಗೆ ಅಂಚು ಕೂಡಿಸಿ ಮಡಚಿದ್ದ.
ನನ್ನನ್ನು ಕಂಡು ನಗಲಿಲ್ಲ ಬೋರಲಿಂಗ. ಕೈ ಚಾಚಿದ.
ಇಪ್ಪತ್ತೆರಡು ತಿಂಗಳ ಸಂಬಳ.

'ಯಾವತ್ತು ತೆಗೀತೀರಿ?' ಮಂಚಮ್ಮ ಕೇಳಿದಳು.
ಮೊದಲ ಹಂತದಲ್ಲಿ ವಾರಕ್ಕೆ ಎರಡು ದಿನ, ಅಂದೆ.
'ಕಟಾವು ವಾರಕ್ಕೆ ಎಲ್ಡೇ ದಿನ ಬರಾಕಿಲ್ಲ ಕನವ್ವ.
ಅವ್ನಿಗೇನು ಬೇಕು ಅಂತ ಬರ್ಕೊಂಡ್ರಿ, ಸರಿ.
ನಾನು ಒಂದ್ ರಾತ್ರಿ ಪೂರ್ತಿ ನಿದ್ದೆ ಮಾಡ್ಬೇಕು ಅಂದ್ರೆ
ಅದುನ್ನ ಯಾವ ಪೇಪರ್‍ನಲ್ಲಿ ಬರೀತೀರಿ?'

ನಮೂನೆ ಏಳರಲ್ಲಿ ಹತ್ತು ಕಾಲಂ.
ಕಟ್ಟಡ, ಸ್ಯಾನಿಟೈಸರು, ಅಂತರ, ಫಲಾನುಭವಿ, ಷರಾ...
ಸ್ಕೇಲು ಸಿಗಲಿಲ್ಲ. ಬೋರಲಿಂಗನ ಒಂದು ಕವರನ್ನು
ಒತ್ತಿ ಹಿಡಿದು ಹನ್ನೊಂದನೆಯ ಗೆರೆ ಎಳೆದೆ:
'ಎತ್ತಿ ಕೂರಿಸುವವರು, ಉಣಿಸುವವರು, ಎಚ್ಚರಿರುವವರು.'
ಅದರ ಕೆಳಗೆ: ತಿಂಗಳಿಗೆ ನಾಲ್ಕು ರಾತ್ರಿ ಬಿಡುವು,
ಎರಡು ಹಾಸಿಗೆ, ಒಬ್ಬ ಆಯಾ.
ಕಟಾವಿನ ಕಾಲಕ್ಕೆ ಆರು ದಿನ. ಬೆಳಿಗ್ಗೆ ಆರಕ್ಕೆ ವ್ಯಾನು.

ಮೂರನೆಯ ದಿನ ವಾಪಸು ಬಂತು.
ಕೆಂಪು ಶಾಯಿ: 'ನಿಗದಿತ ನಮೂನೆಯಲ್ಲೇ ಸಲ್ಲಿಸುವುದು.'
ಹೊಸ ಹಾಳೆ ತೆಗೆದು ಮತ್ತೆ ಗೆರೆ ಎಳೆದೆ,
ಈ ಸಲ ಸ್ವಲ್ಪ ಅಗಲ.
ಹೊರಗೆ ಸಿದ್ದಲಿಂಗು ಬೋಲ್ಟು ಬಿಗಿಯುತ್ತಿದ್ದ.
ಹದಿನಾಲ್ಕರಲ್ಲಿ ಒಂಬತ್ತು ಸೀಟು ಸಿಕ್ಕಿವೆ.
ಮೊದಲ ಟ್ರಿಪ್ಪಿಗೆ ಯಾರ್‍ಯಾರು ಅಂತ ಕೇಳಿದ.
ಪುಸ್ತಕ ತೆರೆದುಕೊಂಡು ಮೆಟ್ಟಿಲ ಮೇಲೆ ಕೂತೆ.
ಇನ್ನೂ ಕೂತಿದ್ದೇನೆ.