ಮೊದಲ ಹಿಡಿ ಹಿಟ್ಟು

ಗುಳೇದಗುಡ್ಡದ ನಮ್ಮ ಸಾಲಿಯ ಕಪಾಟಿನಿಂದ
ಬೇಸಿಗೆ ರಜೆಗೆ ಮನೆಗೆ ತಂದಿದ್ದೆ ಆ ದಪ್ಪ ಪುಸ್ತಕ:
ಬೆನ್ನು ಹರಿದದ್ದು, ಅರ್ಧ ಈಜಿಪ್ತು ಗೆದ್ದಲ ಪಾಲಾದದ್ದು.

ಬಿಚ್ಚಿಟ್ಟ ಪುಟದಲ್ಲಿ ಗೋರಿಯ ಒಳಗೋಡೆ.
ಸುಣ್ಣಗಲ್ಲಿನಿಂದ ತೆಳ್ಳಗೆ ಎಬ್ಬಿಸಿದ ಮೈಗಳು,
ಗಂಡಸರಿಗೆ ಕೆಮ್ಮಣ್ಣು, ಹೆಂಗಸರಿಗೆ ಅರಿಷಿಣ.
ದೊರೆ ಆಳೆತ್ತರ, ಉಳಿದವರು ಅವನ ಮೊಣಕಾಲಿಗೆ.

"ಕಲ್ಲಿಗೆ ಹಲ್ಲ ಹಾಕಸ್ತೀರೇನ್ರೀ" ಎಂದು ಕೂಗುತ್ತ ಬಂದ
ಸುಂಕವ್ವ ನೀರು ಕೇಳಿ ಕಟ್ಟೆಗೆ ಕೂತಳು.
ಪುಸ್ತಕ ಎಳೆದುಕೊಂಡು ಉಗುರಿನಿಂದ ತಟ್ಟಿದಳು
ಕಾಗದವನ್ನೇ, ಕಲ್ಲು ತಟ್ಟಿ ದನಿ ಕೇಳುವ ಹಾಗೆ.

"ಜೋಳದ ಕಾಳಿನಷ್ಟೂ ಆಳ ಇಲ್ರೀ. ಕೈ ಭಾಳ ಹಗುರ.
ಆದ್ರ ನೋಡ್ರಿ, ಎರಡೂ ಪಾದದ ಹೆಬ್ಬೆರಳು ನಮ್ಮ ಕಡೇನ ಅದಾವು.
ಕುಡದಿದ್ನೇನ?"

ಆಮೇಲೆ ಬೆರಳು ನಿಂತಿತು ಕೆಳಗಿನ ಸಾಲಿನಲ್ಲಿ
ಮಂಡಿಯೂರಿ ಕಲ್ಲಿಗೆ ಬಾಗಿದ ಒಬ್ಬಳ ಮೇಲೆ.
ಬೀಸುತ್ತಿದ್ದಾಳೆ, ಅಂದೆ.
"ಬೀಸೂದಲ್ರೀ, ಅರಿಯೂದು. ಗೂಟ ಎಲ್ಲೈತಿ?"

ಸತ್ತವನಿಗೆ ಹಸಿವಾಗಬಾರದೆಂದು, ಅಂದೆ,
ರೊಟ್ಟಿ, ಬಾತುಕೋಳಿ, ಇವಳು, ಎಲ್ಲ ಕೆತ್ತಿದ್ದು;
ಗೋಡೆ ಇರುವತನಕ ಹಿಟ್ಟು ಮುಗಿಯುವುದಿಲ್ಲ.
"ಅಂದ್ರ ಇಕಿ ಏಳೂದು ಯಾವಾಗ?"

ನನ್ನಲ್ಲಿ ಉತ್ತರವಿರಲಿಲ್ಲ. ಓಣಿಯಲ್ಲಿ ಖಣದ ಮಗ್ಗ
ಒಂದು ನಿಂತು ಮತ್ತೊಂದು ಶುರುವಾಯಿತು.
"ನಾಕ ಸಾವಿರ ವರ್ಷ? ಕಲ್ಲು ಸವದು ಕನ್ನಡಿ ಆಗಿರತೈತಿ.
ಹಲ್ಲ ಹಾಕವರು ಯಾರೂ ಹೋಗಿಲ್ಲೇನು ಆ ಊರಿಗೆ?"

ಮಿಕ್ಸರ್ ಬಂದ ಮೇಲೆ ನಮ್ಮ ಕಲ್ಲು
ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒರಗಿಸಿದ್ದು.
ಅದನ್ನೇ ಉರುಳಿಸಿಕೊಂಡು ಬಂದಳು. ಬೇಡವೆನ್ನಲಿಲ್ಲ ನಾನು.
ಚಾಣದ ತುದಿ, ಸುತ್ತಿಗೆ. ಬೂದು ಪುಡಿ ಅವಳ ಹುಬ್ಬಿಗೆ,
ತೆರೆದ ಪುಟಕ್ಕೆ, ದೊರೆಯ ಬಿಳಿ ಪಂಚೆಗೆ.

"ನೆನಪಿಡ್ರೀ, ಮೊದಲ ಹಿಡಿ ಹಿಟ್ಟು ಚೆಲ್ಲಬೇಕು.
ಉಸುಕಿರತೈತಿ. ಹಲ್ಲು ಸವೀತಾವು."

ಅದೇ ಪುಸ್ತಕದ ಕೊನೆಯಲ್ಲೆಲ್ಲೋ ಓದಿದ್ದೆ:
ಸುತ್ತಿದ ಬಟ್ಟೆ ಬಿಚ್ಚಿ ನೋಡಿದರೆ ಆ ದೊಡ್ಡವರ ಹಲ್ಲು
ಬುಡದತನಕ ಸವೆದಿದ್ದವಂತೆ, ರೊಟ್ಟಿಯೊಳಗಿನ ಉಸುಕಿಗೆ.
ಹೇಳಿದೆ.

ಸುಂಕವ್ವ ಸುತ್ತಿಗೆ ಕೆಳಗಿಟ್ಟಳು. ಆ ಬಾಗಿದವಳನ್ನು
ಇನ್ನೊಮ್ಮೆ ನೋಡಿದಳು, ಸಂತೆಯಲ್ಲಿ ಗುರುತು ಹತ್ತಿದವರನ್ನು ನೋಡುವ ಹಾಗೆ.
"ಚೆಲ್ಲಿರಾಕಿಲ್ಲ ಬಿಡ್ರೀ" ಅಂದಳು.
"ಗೊತ್ತಿತ್ತಾಕಿಗೆ."